ಯಾವುದು ಹಾಕ್ಲಿ, ಯಜಮಾನ್ರೇ?

ಜೂನ್ ತಿಂಗಳ ಒಂದು ಮಧ್ಯಾಹ್ನ. ಕಡೂರಿನ ಬಸ್ ನಿಲ್ದಾಣದ ಆಸುಪಾಸಿನಲ್ಲೋ, ತರೀಕೆರೆಯ ಬಿ.ಎಚ್. ರಸ್ತೆಯಲ್ಲೋ, ಅಜ್ಜಂಪುರದ ಪೇಟೆ ಬೀದಿಯಲ್ಲೋ ಒಂದು ಸೈಬರ್ ಸೆಂಟರ್. ಹತ್ತಡಿ ಮಳಿಗೆ, ಎರಡು ಕಂಪ್ಯೂಟರ್, ಒಂದು ಜೆರಾಕ್ಸ್ ಯಂತ್ರ. ಬಾಗಿಲಾಚೆಗೂ ಜನ. ಅಡಿಕೆ ಸಿಪ್ಪೆಯ ಕಲೆ ಹೋಗದ ಬೆರಳುಗಳಲ್ಲಿ ಪ್ಲಾಸ್ಟಿಕ್ ಫೈಲು ಹಿಡಿದ ಅಪ್ಪ, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ಮಗಳು. ಕೀಲಿಮಣೆಯ ಮುಂದೆ ಕೂತ ಹುಡುಗ ಪರದೆಯಿಂದ ಕಣ್ಣು ತೆಗೆಯದೆ ಕೇಳುತ್ತಾನೆ: “ಹೆಚ್‌ಇಪಿ ಇದೆ, ಹೆಚ್‌ಇಕೆ ಇದೆ. ಯಾವುದು ಹಾಕ್ಲಿ, ಯಜಮಾನ್ರೇ?”

“ನಮ್ಗೇನ್ ಗೊತ್ತಾಗ್ತದೆ ಸಾರ್, ನೀವೇ ನೋಡಿ ಒಳ್ಳೇದ್ ಹಾಕಿ.”

ಹುಡುಗ ಒಂದನ್ನು ಒತ್ತುತ್ತಾನೆ. ಹಿಂದೆ ಇನ್ನೂ ಹನ್ನೆರಡು ಮಂದಿ ಕಾದಿದ್ದಾರೆ. ಮುಂದಿನ ಮೂರು ವರ್ಷ ಆ ಹುಡುಗಿ ಯಾವ ಪುಸ್ತಕ ಓದಬೇಕು, ಆಮೇಲೆ ಯಾವ ಕೆಲಸಕ್ಕೆ ಅರ್ಜಿ ಹಾಕಬಹುದು, ಯಾವುದಕ್ಕೆ ಹಾಕುವಂತಿಲ್ಲ ಎಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ.

ಆ ಹುಡುಗನದಾಗಲೀ ಅಪ್ಪನದಾಗಲೀ ತಪ್ಪಿಲ್ಲ. ಈ ಮೂರು ತಾಲ್ಲೂಕುಗಳ ಹೆಚ್ಚಿನ ಮನೆಗಳಲ್ಲಿ ‘ಮಗು ಏನು ಓದಬೇಕು’ ಎಂಬ ಪ್ರಶ್ನೆ ಬಾಯಿಗೆ ಬರುವುದೇ ಅರ್ಜಿ ತುಂಬುವ ದಿನ. ಅಷ್ಟರಲ್ಲಿ ಉತ್ತರದ ಮುಕ್ಕಾಲು ಪಾಲು ಬರೆದು ಮುಗಿದಿರುತ್ತದೆ. ಕೆಲವು ಸಲ ಎರಡು ವರ್ಷ ಹಿಂದೆ, ಕೆಲವು ಸಲ ಹನ್ನೆರಡು ವರ್ಷ ಹಿಂದೆ.

ಅರ್ಜಿ ಹೋಗುವುದು ಯಾರಿಗೆ?

‘ಯೂನಿವರ್ಸಿಟಿಗೆ ಸೇರೋದು’ ಎಂದು ನಾವು ಸಲೀಸಾಗಿ ಹೇಳುತ್ತೇವೆ. ಆದರೆ ಇಲ್ಲಿಯ ಮಕ್ಕಳು ಪದವಿಗೆ ಸೇರುವುದು ಕಾಲೇಜಿಗೆ. ವಿಶ್ವವಿದ್ಯಾಲಯ ಅದರ ಹಿಂದೆ ನಿಂತು ಪಠ್ಯ ಹೇಳುತ್ತದೆ, ಪರೀಕ್ಷೆ ಮಾಡುತ್ತದೆ, ಪದವಿ ಕೊಡುತ್ತದೆ.

ಬಿಎ, ಬಿಕಾಂ, ಬಿಎಸ್ಸಿಗೆ ನಮ್ಮದು ಕುವೆಂಪು ವಿಶ್ವವಿದ್ಯಾಲಯ. 1987ರಲ್ಲಿ ಅದು ಹುಟ್ಟುವ ಮೊದಲು ಈ ಸೀಮೆಯ ಕಾಲೇಜುಗಳೆಲ್ಲ ಮೈಸೂರು ವಿಶ್ವವಿದ್ಯಾನಿಲಯದ ಕೆಳಗಿದ್ದವು. ಒಂದು ಅಂಕಪಟ್ಟಿ ತಿದ್ದಿಸಬೇಕಿದ್ದರೂ ರೈಲು ಹತ್ತಿ ಮೈಸೂರಿಗೆ ಹೋಗಬೇಕಿತ್ತು. ಈಗ ಅದರ ಆವರಣ ‘ಜ್ಞಾನ ಸಹ್ಯಾದ್ರಿ’ ಇರುವುದು ಶಂಕರಘಟ್ಟದಲ್ಲಿ, ಲಕ್ಕವಳ್ಳಿಯ ಭದ್ರಾ ಜಲಾಶಯದಿಂದ ಸ್ವಲ್ಪವೇ ದೂರ. ತರೀಕೆರೆಯವರಿಗೆ ಅದು ನೆರೆಮನೆ ಇದ್ದಂತೆ.

ಆದರೆ ಎಲ್ಲ ಪದವಿಯೂ ಅದರದಲ್ಲ. ಇಂಜಿನಿಯರಿಂಗ್ ಬೆಳಗಾವಿಯ ವಿಟಿಯು ಕೆಳಗೆ, ವೈದ್ಯಕೀಯ ಮತ್ತು ನರ್ಸಿಂಗ್ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ, ಕಾನೂನು ಹುಬ್ಬಳ್ಳಿಯ ಕೆಳಗೆ, ಪಶುವೈದ್ಯಕೀಯ ಬೀದರಿನ ಕೆಳಗೆ. ಕೃಷಿ, ತೋಟಗಾರಿಕೆಗೆ 2012ರಿಂದ ಶಿವಮೊಗ್ಗದಲ್ಲೇ ಒಂದು ವಿಶ್ವವಿದ್ಯಾಲಯವಿದೆ. ಈಗ ಅದಕ್ಕೆ ಕೆಳದಿ ಶಿವಪ್ಪ ನಾಯಕರ ಹೆಸರು.

ಹೀಗಾಗಿ ಅರ್ಜಿಯ ಬಾಗಿಲುಗಳೂ ಬೇರೆ ಬೇರೆ. ಬಿಎ, ಬಿಕಾಂ, ಬಿಎಸ್ಸಿಗೆ ‘ಯುಯುಸಿಎಂಎಸ್’ ಎಂಬ ಸರ್ಕಾರದ ಜಾಲತಾಣ. ಇಂಜಿನಿಯರಿಂಗ್, ಕೃಷಿ, ಪಶುವೈದ್ಯ, ಫಾರ್ಮಸಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸಿಇಟಿ. ಡಾಕ್ಟರ್ ಆಗಬೇಕೆಂದರೆ ದೇಶಕ್ಕೆಲ್ಲ ಒಂದೇ ಆದ ನೀಟ್. ಅದು ಬರೆದ ಮೇಲೆ ರಾಜ್ಯದ ಪಾಲಿನ ಸೀಟಿಗೆ ಮತ್ತೆ ಅದೇ ಪ್ರಾಧಿಕಾರದ ಬಾಗಿಲು. ಒಂದು ಕಡೆ ಅರ್ಜಿ ಹಾಕಿದರೆ ಇನ್ನೊಂದು ಕಡೆಗೆ ತಾನಾಗಿ ಹೋಗುವುದಿಲ್ಲ. ‘ಸಿಇಟಿ ಬರೆದಿದ್ದೀವಲ್ಲ’ ಎಂದು ನಂಬಿ ಕೂತು ಡಿಗ್ರಿ ಕಾಲೇಜಿನ ಕೊನೇ ದಿನ ದಾಟಿಸಿಕೊಂಡ ಮನೆಗಳು ಪ್ರತಿ ವರ್ಷ ಸಿಗುತ್ತವೆ.

ಹದಿನಾರಕ್ಕೆ ಆಗುವ ತೀರ್ಮಾನ

ವಿಷಯದ ಆಯ್ಕೆ ನಿಜವಾಗಿ ಆಗುವುದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ, ಪಿಯು ಕಾಲೇಜಿನ ಕೌಂಟರಿನ ಮುಂದೆ. ಅಲ್ಲಿ ಕೇಳುವುದು ‘ಕಾಂಬಿನೇಷನ್’. ಪಿಸಿಎಂಬಿ, ಪಿಸಿಎಂಸಿ, ಇಬಿಎಸಿ, ಹೆಚ್‌ಇಪಿಎಸ್: ಹತ್ತನೇ ತರಗತಿ ಮುಗಿಸಿದ ಮಗುವಿಗೆ ಇವು ಬರೀ ಅಕ್ಷರಗಳು. ಪ್ರತಿ ಅಕ್ಷರದ ಹಿಂದೆಯೂ ಒಂದು ಬಾಗಿಲಿದೆ.

ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕೂ ಇರುವ ಪಿಸಿಎಂಬಿ ಓದಿದವರು ಇಂಜಿನಿಯರಿಂಗಿಗೂ ಹೋಗಬಹುದು, ವೈದ್ಯಕೀಯಕ್ಕೂ ಹೋಗಬಹುದು. ಕೃಷಿ, ಪಶುವೈದ್ಯ, ನರ್ಸಿಂಗೂ ಆಗುತ್ತದೆ. ಜೀವಶಾಸ್ತ್ರದ ಜಾಗದಲ್ಲಿ ಕಂಪ್ಯೂಟರ್ ತೆಗೆದುಕೊಂಡರೆ ಇಂಜಿನಿಯರಿಂಗಿಗೆ ಏನೂ ಅಡ್ಡಿಯಿಲ್ಲ, ಆದರೆ ಡಾಕ್ಟರು, ದನದ ಡಾಕ್ಟರು, ಕೃಷಿ ಬಿಎಸ್ಸಿ, ಬಿಎಸ್ಸಿ ನರ್ಸಿಂಗ್ ಇಷ್ಟೂ ಅಂದೇ ಕೈಬಿಟ್ಟಂತೆ. ಇನ್ನೊಂದು ಮಾತು ಬಹಳ ಜನಕ್ಕೆ ಗೊತ್ತಿಲ್ಲ: ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದಲು ಪಿಯುಸಿಯಲ್ಲಿ ಕಂಪ್ಯೂಟರ್ ಓದಿರಲೇಬೇಕೆಂದಿಲ್ಲ. ಭೌತ, ರಸಾಯನ, ಗಣಿತ ಇದ್ದರೆ ಸಾಕು.

ವಾಣಿಜ್ಯ ಓದಿದವರಿಗೆ ಬಿಕಾಂ, ಬಿಬಿಎ, ಸಿಎ. ಕಲಾ ವಿಭಾಗ ಓದಿದವರಿಗೆ ಬಿಎ, ಐದು ವರ್ಷದ ಕಾನೂನು, ಪದವಿ ಆದ ಮೇಲೆ ಕೆಎಎಸ್, ಐಎಎಸ್. ವಿಜ್ಞಾನದಿಂದ ಈ ಕಡೆಗೆ ಯಾವಾಗ ಬೇಕಾದರೂ ಬರಬಹುದು. ಈ ಕಡೆಯಿಂದ ವಿಜ್ಞಾನಕ್ಕೆ ಹೋಗಲು ದಾರಿ ಇಲ್ಲ; ಹೋಗಲೇಬೇಕೆಂದರೆ ಮತ್ತೆ ಪ್ರಥಮ ಪಿಯುಸಿಯಿಂದ ಶುರು ಮಾಡಬೇಕು.

ಇದನ್ನು ಕೇಳಿದ ಕೂಡಲೇ ‘ಹಾಗಾದ್ರೆ ಎಲ್ಲರೂ ಸೈನ್ಸೇ ತಗೊಳ್ಳಲಿ’ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ನಮ್ಮ ಹಳ್ಳಿಗಳಲ್ಲಿ ನಡೆಯುತ್ತಿರುವುದೂ ಅದೇ. ತೊಂಬತ್ತರ ಮೇಲೆ ಬಂದರೆ ಸೈನ್ಸ್, ಎಪ್ಪತ್ತು ಬಂದರೆ ಕಾಮರ್ಸ್, ಅದಕ್ಕಿಂತ ಕೆಳಗಾದರೆ ಆರ್ಟ್ಸ್. ಮಗುವಿನ ಮನಸ್ಸು ಯಾವ ಕಡೆ ಎಳೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ಇದಕ್ಕಿಂತ ನನ್ನ ಹೊಟ್ಟೆ ಉರಿಸುವ ಸಂಗತಿ ಇನ್ನೊಂದಿಲ್ಲ. ತೊಂಬತ್ತೈದು ಅಂಕ ತೆಗೆದು ಇತಿಹಾಸ ಓದಬೇಕೆನ್ನುವ ಹುಡುಗಿಗೆ ಮನೆಯವರು, ಮೇಷ್ಟ್ರು, ನೆಂಟರು ಎಲ್ಲರೂ ಸೇರಿ ‘ಯಾಕಮ್ಮ, ಏನಾಯ್ತು?’ ಎಂದು ಕೇಳುತ್ತಾರೆ, ಜ್ವರ ಬಂದವರನ್ನು ವಿಚಾರಿಸಿದ ಹಾಗೆ.

ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಕಷ್ಟ ಕಾದಿರುತ್ತದೆ. ಹತ್ತನೇ ತರಗತಿವರೆಗೆ ‘ಜಡತ್ವ’ವಾಗಿದ್ದದ್ದು ಜೂನಿನಲ್ಲಿ ‘ಇನರ್ಷಿಯಾ’ ಆಗಿರುತ್ತದೆ, ‘ದ್ಯುತಿಸಂಶ್ಲೇಷಣೆ’ ಹೋಗಿ ‘ಫೋಟೋಸಿಂಥೆಸಿಸ್’ ಬಂದಿರುತ್ತದೆ. ವಿಷಯ ಗೊತ್ತಿರುವ ಮಗುವೂ ಮೊದಲ ಮೂರು ತಿಂಗಳು ಮಾತು ಬಾರದವರಂತೆ ಕೂರುತ್ತದೆ. ‘ನನಗೆ ಸೈನ್ಸ್ ಆಗಲ್ಲ’ ಎಂದು ಬಿಟ್ಟು ಬರುವವರಲ್ಲಿ ಎಷ್ಟೋ ಮಂದಿಗೆ ನಿಜವಾಗಿ ಕೈಕೊಟ್ಟದ್ದು ಇಂಗ್ಲಿಷ್. ಬೇಸಿಗೆ ರಜೆಯಲ್ಲಿ ಯಾರಾದರೂ ಕೂತು ಇನ್ನೂರು ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಯಲ್ಲಿ ಬರೆಸಿದರೆ ಆ ಮೂರು ತಿಂಗಳು ಉಳಿಯುತ್ತದೆ.

ಪಿಯುಸಿಯನ್ನೇ ಹಾದುಹೋಗದ ಒಂದು ದಾರಿಯೂ ಇದೆ, ಪಾಲಿಟೆಕ್ನಿಕ್. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷ ಡಿಪ್ಲೊಮಾ, ಆಮೇಲೆ ಡಿಸಿಇಟಿ ಬರೆದು ನೇರವಾಗಿ ಎರಡನೇ ವರ್ಷದ ಬಿಇಗೆ. ಐಟಿಐ ಮುಗಿಸಿದವರಿಗೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಪ್ರವೇಶವಿದೆ. ತರೀಕೆರೆಯ ಕಡೆ ಒಂದು ತಲೆಮಾರು ಡಿಪ್ಲೊಮಾ, ಐಟಿಐ ಓದಿದ್ದೇ ಭದ್ರಾವತಿಯ ಕಾರ್ಖಾನೆಗಳನ್ನು ನೆಚ್ಚಿಕೊಂಡು. ಕಾಗದ ಕಾರ್ಖಾನೆ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. 1923ರಲ್ಲಿ ಕುಲುಮೆ ಹೊತ್ತಿಸಿದ ಕಬ್ಬಿಣದ ಕಾರ್ಖಾನೆ ನೂರು ತುಂಬುವ ಹೊತ್ತಿಗೆ ಮುಚ್ಚುವ ಮಾತು ಕೇಳಬೇಕಾಯಿತು. ಕಾರ್ಖಾನೆಯ ಕನಸು ಕರಗಿದ್ದಕ್ಕೆ ಆ ಓದಿನ ಮೇಲೂ ಜನರ ನಂಬಿಕೆ ಕರಗಿತು. ಆದರೆ ಪಿಯುಸಿ ಗಣಿತಕ್ಕೆ ಹೆದರುವ, ಕೈಕೆಲಸದಲ್ಲಿ ಚುರುಕಾಗಿರುವ ಹುಡುಗ ಹುಡುಗಿಯರಿಗೆ ಇಂಜಿನಿಯರ್ ಆಗಲು ಇಂದಿಗೂ ಅದು ಒಳ್ಳೆಯ ದಾರಿ.

ಬಸ್ಸು ಎಲ್ಲಿಗಿದೆಯೋ ಅಲ್ಲಿಯ ವಿಷಯ

ಹಳೆಯ ಬೆಂಗಳೂರು–ಹೊನ್ನಾವರ ರಸ್ತೆಯಲ್ಲಿ ಕಡೂರು, ಬೀರೂರು, ತರೀಕೆರೆ, ಭದ್ರಾವತಿ, ಶಿವಮೊಗ್ಗ ಒಂದರ ಹಿಂದೆ ಒಂದು ಬರುತ್ತವೆ. ಈ ರಸ್ತೆಗೆ ಹತ್ತಿರ ಇರುವ ಊರಿನ ಮಗುವಿಗೆ ನಾಲ್ಕೈದು ಕಾಲೇಜುಗಳ ಆಯ್ಕೆ ಇದೆ. ತರೀಕೆರೆಯಿಂದ ಬೆಳಿಗ್ಗೆ ಹೊರಟರೆ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿಗೆ ಹೋಗಿ ಸಂಜೆ ಮನೆಗೆ ಬರಬಹುದು. ಕಡೂರಿನಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರ್. 2013ರಿಂದ ಸಖರಾಯಪಟ್ಟಣದ ಮೇಲೆ ರೈಲೂ ಇದೆ.

ರಸ್ತೆಯಿಂದ ಒಳಗೆ ಹೋದಂತೆ ಆಯ್ಕೆ ಕರಗುತ್ತದೆ. ಅಜ್ಜಂಪುರ ಹುಬ್ಬಳ್ಳಿ ರೈಲುದಾರಿಯ ಮೇಲಿದ್ದರೂ ಈ ಹೆದ್ದಾರಿಯ ಮೇಲಿಲ್ಲ. ಶಿವನಿ ಕಡೆಯ, ಯಗಟಿ, ಪಂಚನಹಳ್ಳಿ ಕಡೆಯ ಹಳ್ಳಿಗಳಲ್ಲಿ ಬೆಳಗಿನ ಒಂದು ಬಸ್ಸು ಯಾವ ಊರಿಗೆ ಹೋಗುತ್ತದೋ ಆ ಊರಿನ ಕಾಲೇಜು. ಆ ಕಾಲೇಜಿನಲ್ಲಿ ಯಾವ ಕಾಂಬಿನೇಷನ್ ಇದೆಯೋ ಆ ವಿಷಯ. ಸಣ್ಣ ಕಾಲೇಜುಗಳಲ್ಲಿ ಮಕ್ಕಳು ಕಡಿಮೆಯಾದಾಗ ಮೊದಲು ನಿಲ್ಲುವುದು ವಿಜ್ಞಾನ ವಿಭಾಗ. ಪ್ರಯೋಗಾಲಯ ಬೇಕು, ಗಣಿತಕ್ಕೆ ಕಾಯಂ ಉಪನ್ಯಾಸಕರು ಬೇಕು, ಎರಡೂ ಸಿಗುವುದು ಕಷ್ಟ. ‘ಅವಳಿಗೆ ಆರ್ಟ್ಸ್ ಇಷ್ಟ’ ಎಂದು ಮನೆಯವರು ಹೇಳುವಾಗ ನಾನು ಮೊದಲು ಕೇಳುವ ಪ್ರಶ್ನೆ, ನಿಮ್ಮೂರಿಗೆ ಬಸ್ಸು ಎಷ್ಟು ಗಂಟೆಗೆ?

ಹೆಣ್ಣುಮಕ್ಕಳ ಮಟ್ಟಿಗೆ ಈ ಲೆಕ್ಕ ಇನ್ನೂ ಬಿಗಿ. ಹುಡುಗನಾದರೆ ಕೊನೇ ಬಸ್ಸು ತಪ್ಪಿದರೂ ಯಾರದ್ದೋ ಬೈಕಿನಲ್ಲಿ ಬರುತ್ತಾನೆ. ಹುಡುಗಿಯ ವಿಚಾರದಲ್ಲಿ ಕೊನೇ ಬಸ್ಸಿನ ವೇಳೆಯೇ ಓದಿನ ಎಲ್ಲೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಅವರಿಗೆ ಟಿಕೆಟ್ಟಿನ ಖರ್ಚಿಲ್ಲ. ಊರ ಕಾಲೇಜು ಬಿಟ್ಟು ಮುಂದಿನ ಊರಿನ ಕಾಲೇಜಿಗೆ ಹೋಗಲು ಖರ್ಚು ಇನ್ನು ನೆಪವಾಗಲಾರದು. ಆದರೆ ಆ ಬಸ್ಸು ಊರೊಳಗೆ ಬರಬೇಕು, ಬಂದದ್ದು ನಿಲ್ಲಬೇಕು.

ದೂರ ಹೋಗುವವರಿಗೆ ಹಿಂದುಳಿದ ವರ್ಗಗಳ, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲುಗಳಿವೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಯ ಖರ್ಚಿಗೆಂದು ‘ವಿದ್ಯಾಸಿರಿ’ ಇದೆ. 2021ರಲ್ಲಿ ರೈತರ ಮಕ್ಕಳಿಗೆಂದೇ ‘ರೈತ ವಿದ್ಯಾನಿಧಿ’ ಬಂತು. ಹಾಸ್ಟೆಲಿಗೂ ವಿದ್ಯಾರ್ಥಿವೇತನಕ್ಕೂ ಅರ್ಜಿ ಬೇರೆಯೇ ಹಾಕಬೇಕು, ಕೊನೇ ದಿನಾಂಕ ಬೇರೆಯೇ ಇರುತ್ತದೆ. ಕಾಲೇಜಿಗೆ ಸೇರಿದ ವಾರವೇ ಕೇಳುವುದು ಒಳ್ಳೆಯದು.

ಒಂದನೇ ತರಗತಿಯ ದಾಖಲೆ

ಹನ್ನೆರಡು ವರ್ಷದ ಹಿಂದೆಯೇ ಆಗಿಹೋದ ತೀರ್ಮಾನ ಎಂದೆನಲ್ಲ, ಅದು ಇಲ್ಲಿದೆ.

ಸಿಇಟಿ ಸೀಟು ಹಂಚಿಕೆಯಲ್ಲಿ ಪ್ರತಿ ವರ್ಗದೊಳಗೂ ಎರಡು ಒಳಪಾಲುಗಳಿವೆ. ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5. ಎರಡಕ್ಕೂ ಒಂದೇ ಷರತ್ತು: ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ. ಶಾಲೆಯಿಂದ ವ್ಯಾಸಂಗ ಪ್ರಮಾಣಪತ್ರ ಪಡೆದು ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಹಾಕಿಸಬೇಕು.

ಗ್ರಾಮೀಣ ಎನ್ನುವುದು ಮಗುವಿನ ಊರನ್ನು ನೋಡಿ ತೀರ್ಮಾನವಾಗುವುದಿಲ್ಲ, ಶಾಲೆ ಇರುವ ಜಾಗವನ್ನು ನೋಡಿ ತೀರ್ಮಾನವಾಗುತ್ತದೆ. ಪುರಸಭೆ, ಪಟ್ಟಣ ಪಂಚಾಯಿತಿಯ ಎಲ್ಲೆಯೊಳಗಿನ ಶಾಲೆ ಗ್ರಾಮೀಣವಲ್ಲ. ಕಡೂರು, ಬೀರೂರು, ತರೀಕೆರೆ ಪುರಸಭೆಗಳು. ಹಳ್ಳಿಯ ಮನೆಯಲ್ಲೇ ಹುಟ್ಟಿ, ಹಳ್ಳಿಯಲ್ಲೇ ಮಲಗೆದ್ದು, ಬೆಳಿಗ್ಗೆ ಏಳೂವರೆಗೆ ಹಳದಿ ವ್ಯಾನು ಹತ್ತಿ ಕಡೂರಿನ ಇಂಗ್ಲಿಷ್ ಶಾಲೆಗೆ ಹೋಗಿಬಂದ ಮಗು ಸಿಇಟಿಯ ಲೆಕ್ಕದಲ್ಲಿ ಪಟ್ಟಣದ್ದು. ಅದರ ಪಕ್ಕದ ಮನೆಯಲ್ಲಿದ್ದು ಊರ ಸರ್ಕಾರಿ ಶಾಲೆಗೆ, ಆಮೇಲೆ ಹೋಬಳಿಯ ಹೈಸ್ಕೂಲಿಗೆ ನಡೆದು ಹೋದ ಮಗುವಿಗೆ ಎರಡೂ ಪಾಲು ಸಿಗುತ್ತವೆ.

ನಡುವೆ ಒಂದೇ ಒಂದು ವರ್ಷ ಪಟ್ಟಣದ ಶಾಲೆಯಲ್ಲಿ ಓದಿದ್ದರೂ ಗ್ರಾಮೀಣ ಪಾಲು ಇಲ್ಲ. ಎಂಟನೇ ತರಗತಿಗೆ ಪೇಟೆಯ ಹೈಸ್ಕೂಲಿಗೆ ಹಾಕುವಾಗ ಇದನ್ನು ತಂದೆತಾಯಿಗೆ ಹೇಳುವವರು ಯಾರೂ ಇರುವುದಿಲ್ಲ. ಇಂಗ್ಲಿಷ್ ಶಾಲೆ ಬೇಡ ಎಂದು ನಾನು ಹೇಳುತ್ತಿಲ್ಲ, ಅದು ಆಯಾ ಮನೆಯ ನಿರ್ಧಾರ. ಲೆಕ್ಕ ಗೊತ್ತಿದ್ದು ನಿರ್ಧರಿಸಲಿ.

ಜಾತಿ, ಆದಾಯದ ಪ್ರಮಾಣಪತ್ರದ ಮಾತೂ ಹಾಗೆಯೇ. ನಾಡಕಚೇರಿಯಿಂದ ಬರುವ ಆ ಪತ್ರದ ಮೇಲಿನ ಆರ್‌ಡಿ ನಂಬರ್ ಅರ್ಜಿಯಲ್ಲಿ ಬೇಕೇ ಬೇಕು. ಅಡಿಕೆ ಕೊಯ್ಲು, ಈರುಳ್ಳಿ ನಾಟಿ ಎಂದು ಮುಂದೂಡಿ, ಕೊನೇ ವಾರದಲ್ಲಿ ಸರ್ವರ್ ಇಲ್ಲದ ಕಚೇರಿಯ ಮುಂದೆ ಸಾಲು ನಿಲ್ಲುವುದಕ್ಕಿಂತ ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿಸಿಟ್ಟುಕೊಳ್ಳಬಹುದು. ಹೆಸರಿನ ಇನಿಷಿಯಲ್ಲು ಆಧಾರ್‌ನಲ್ಲಿ ಒಂದು, ಅಂಕಪಟ್ಟಿಯಲ್ಲಿ ಇನ್ನೊಂದು ಇದ್ದರೆ ಅದನ್ನೂ ಆಗಲೇ ಸರಿಪಡಿಸಿಕೊಳ್ಳಿ.

ರ್‍ಯಾಂಕು ಬಂತು, ಆಮೇಲೆ?

ಇಂಜಿನಿಯರಿಂಗ್ ರ್‍ಯಾಂಕಿನಲ್ಲಿ ಸಿಇಟಿಯದ್ದು ಅರ್ಧ ಪಾಲು ಮಾತ್ರ. ಉಳಿದರ್ಧ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತದ ಅಂಕ. ಪಿಯುಸಿಯಲ್ಲಿ 300ಕ್ಕೆ 270 ತೆಗೆದು ಸಿಇಟಿಯಲ್ಲಿ 180ಕ್ಕೆ 72 ತೆಗೆದ ಹುಡುಗಿ, ಪಿಯುಸಿಯಲ್ಲಿ 240 ತೆಗೆದು ಸಿಇಟಿಯಲ್ಲಿ 90 ತೆಗೆದ ಹುಡುಗ ಎಂದಿಟ್ಟುಕೊಳ್ಳಿ. ಅವಳದು ನೂರಕ್ಕೆ 90 ಮತ್ತು 40, ಅವನದು 80 ಮತ್ತು 50. ಸರಾಸರಿ ಇಬ್ಬರಿಗೂ 65.

ಕೋಚಿಂಗಿಗೆಂದು ಮೂಡಬಿದಿರೆ, ಮಂಗಳೂರು, ದಾವಣಗೆರೆಗೆ ಮಕ್ಕಳನ್ನು ಕಳಿಸಲು ತೋಟದ ಮೇಲೆ ಸಾಲ ತೆಗೆಯುವ ಮನೆಗಳು ಈ ಲೆಕ್ಕವನ್ನು ಒಮ್ಮೆ ಮಾಡಿ ನೋಡಬೇಕು. ಊರ ಕಾಲೇಜಿನಲ್ಲೇ ಕೂತು ಪಠ್ಯಪುಸ್ತಕವನ್ನು ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿ ತೆಗೆದ ಅಂಕಕ್ಕೂ ಅಷ್ಟೇ ತೂಕ. 2024ರಿಂದ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿದ್ದು, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಮತ್ತೆ ಬರೆಯಬಹುದು.

ರ್‍ಯಾಂಕು ಬಂದ ಮೇಲಿನ ಹಂತ ‘ಆಪ್ಷನ್ ಎಂಟ್ರಿ’. ಬೇಕಾದ ಕಾಲೇಜು, ಬೇಕಾದ ಕೋರ್ಸುಗಳನ್ನು ಬೇಕಾದ ಕ್ರಮದಲ್ಲಿ ಬರೆಯುವುದು. ಇಲ್ಲಿ ಆಗುವ ದೊಡ್ಡ ತಪ್ಪು ಒಂದೇ: ‘ನಮಗೆ ಇದು ಸಿಗಬಹುದು’ ಎಂದು ಊಹಿಸಿ ಅದನ್ನೇ ಮೇಲೆ ಬರೆಯುವುದು. ಕಂಪ್ಯೂಟರ್ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತಾ ಬಂದು, ಮೊದಲು ಸಿಕ್ಕ ಸೀಟಿಗೆ ನಿಲ್ಲುತ್ತದೆ. ಅದರ ಕೆಳಗಿನದನ್ನು ನೋಡುವುದೇ ಇಲ್ಲ. ಹಾಗಾಗಿ ಮೇಲಿರಬೇಕಾದದ್ದು ನಿಜಕ್ಕೂ ಬೇಕಾದದ್ದು, ಸಿಗುವಂಥದ್ದು ಆಮೇಲೆ. ಎಷ್ಟು ಆಯ್ಕೆ ಬರೆದರೂ ದಂಡವಿಲ್ಲ. ಮೊದಲು ಒಂದು ಅಣಕು ಹಂಚಿಕೆ ಬರುತ್ತದೆ, ಅದನ್ನು ನೋಡಿ ಕ್ರಮ ಬದಲಿಸಿಕೊಳ್ಳಲು ಸಮಯವನ್ನೂ ಕೊಡುತ್ತಾರೆ.

ಸೀಟು ಸಿಕ್ಕ ಮೇಲೆ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಬೇಕು. ಮೊದಲನೆಯದು ‘ಇದೇ ಸಾಕು, ಸೇರುತ್ತೇನೆ’. ಎರಡನೆಯದು ‘ಇದು ಇರಲಿ, ಇದಕ್ಕಿಂತ ಮೇಲಿನದು ಸಿಕ್ಕರೆ ಅದನ್ನು ಕೊಡಿ’. ಮೂರನೆಯದು ‘ಇದು ಬೇಡ, ಮುಂದಿನ ಸುತ್ತಿಗೆ ಕಾಯುತ್ತೇನೆ’. ನಾಲ್ಕನೆಯದು ‘ನಾನು ಹೊರಟೆ’. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ವ್ಯತ್ಯಾಸ ತಿಳಿಯದೆ ಕೈಯಲ್ಲಿದ್ದ ಸೀಟು ಬಿಟ್ಟುಕೊಟ್ಟವರಿದ್ದಾರೆ. ಎರಡನೆಯದನ್ನು ಆರಿಸಿ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿ ರದ್ದಾಗುತ್ತದೆ, ಮತ್ತೆ ಅದೇ ಬೇಕೆಂದರೆ ಸಿಗುವುದಿಲ್ಲ.

ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂಪಾಯಿಗಿಂತ ಕಡಿಮೆ ಇರುವವರಿಗೆ ಇಂಜಿನಿಯರಿಂಗಿನಲ್ಲಿ ‘ಎಸ್‌ಎನ್‌ಕ್ಯೂ’ ಎಂಬ ಹೆಚ್ಚುವರಿ ಸೀಟುಗಳಿವೆ, ಅವುಗಳಿಗೆ ಬೋಧನಾ ಶುಲ್ಕದ ರಿಯಾಯಿತಿ ಇದೆ. ಅರ್ಜಿ ತುಂಬುವಾಗಲೇ ಅದನ್ನು ಕೇಳಿರಬೇಕು.

ಇನ್ನು ಫೋನ್ ನಂಬರ್. ಅರ್ಜಿಯಲ್ಲಿ ಸೈಬರ್ ಸೆಂಟರಿನ ನಂಬರ್ ಹಾಕಿಸಬೇಡಿ. ಒಟಿಪಿ ಬರುವುದು, ಪಾಸ್‌ವರ್ಡ್ ಬದಲಾಗುವುದು, ಸೀಟು ಸಿಕ್ಕಿತೆಂದು ತಿಳಿಯುವುದು ಎಲ್ಲವೂ ಆ ನಂಬರಿನಲ್ಲಿ. ಮನೆಯ ನಂಬರ್ ಹಾಕಿ, ಮೂರು ತಿಂಗಳು ಅದರ ಕರೆನ್ಸಿ ಖಾಲಿಯಾಗದಂತೆ ನೋಡಿಕೊಳ್ಳಿ.

ಹೊಲದಲ್ಲಿ ನಡೆಯುವ ಪರೀಕ್ಷೆ

ರೈತರ ಮಕ್ಕಳಿಗೆಂದೇ ಇರುವ ಒಂದು ಬಾಗಿಲನ್ನು ನಮ್ಮ ಸೀಮೆಯವರು ಬಳಸಬೇಕಾದಷ್ಟು ಬಳಸುತ್ತಿಲ್ಲ ಎಂಬುದು ನನ್ನ ನಂಬಿಕೆ.

ಕೃಷಿ, ತೋಟಗಾರಿಕೆ, ಅರಣ್ಯ, ರೇಷ್ಮೆ, ಪಶುವೈದ್ಯ ಪದವಿಗಳಲ್ಲಿ ದೊಡ್ಡ ಪಾಲು ಸೀಟುಗಳು ಕೃಷಿಕರ ಕೋಟಾದಲ್ಲಿವೆ. ಇದಕ್ಕೆ ಕೃಷಿಕರ ಪ್ರಮಾಣಪತ್ರ ಬೇಕು, ಸಿಇಟಿಯ ಜೊತೆಗೆ ಒಂದು ಪ್ರಾಯೋಗಿಕ ಪರೀಕ್ಷೆಯನ್ನೂ ಬರೆಯಬೇಕು. ಆ ಪರೀಕ್ಷೆಯಲ್ಲಿ ಮುಂದೆ ಇಟ್ಟ ಬೀಜ ಯಾವುದು, ಈ ಎಲೆ ಯಾವ ಬೆಳೆಯದು, ಈ ಉಪಕರಣ ಯಾವುದಕ್ಕೆ ಬಳಸುತ್ತಾರೆ ಎಂದು ಗುರುತಿಸಬೇಕು.

ಕಡೂರಿನ ಬಯಲಲ್ಲಿ ರಾಗಿ ಕಟಾವಿಗೆ ನಿಂತ, ಅಜ್ಜಂಪುರದಲ್ಲಿ ಈರುಳ್ಳಿ ಸಸಿ ನೆಟ್ಟ, ಭದ್ರಾ ನಾಲೆಯ ಕೆಳಗೆ ಗದ್ದೆಗೆ ನೀರು ಕಟ್ಟಿದ ಮಗುವಿಗೆ ಇದಕ್ಕೆ ಕೋಚಿಂಗ್ ಬೇಕೆ? ಮನೆಕೆಲಸ ಮಾಡಿದ್ದಕ್ಕೆ ಶಾಲೆಯಲ್ಲಿ ಬೈಸಿಕೊಂಡ ಮಕ್ಕಳಿಗೆ ಅದೇ ಕೆಲಸ ಅಂಕ ತಂದುಕೊಡುವ ಪರೀಕ್ಷೆ ಇದೊಂದೇ. ಓದಲು ದೂರ ಹೋಗಬೇಕೆಂದೂ ಇಲ್ಲ: ಕೃಷಿಗೆ ಶಿವಮೊಗ್ಗ, ತೋಟಗಾರಿಕೆಗೆ ನಮ್ಮದೇ ಜಿಲ್ಲೆಯ ಮೂಡಿಗೆರೆ, ಪಶುವೈದ್ಯಕ್ಕೂ ಶಿವಮೊಗ್ಗ. ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲೇ. ಆ ರಾಸುಗಳನ್ನು ನೋಡುತ್ತಾ ಬೆಳೆದ ಹುಡುಗಿಗೆ ಪಶುವೈದ್ಯೆಯಾಗುವ ಆಸೆ ಬಂದರೆ ಅದಕ್ಕಿಂತ ಸಹಜವಾದದ್ದು ಇನ್ನೇನಿದೆ?

ಆದರೆ ಮತ್ತೆ ಅದೇ ಮಾತು. ಪಿಯುಸಿಯಲ್ಲಿ ಜೀವಶಾಸ್ತ್ರ ಇರಬೇಕು.

ಬಿಎ ಓದುವವರಿಗೆ ಯಾರೂ ಹೇಳದ್ದು

ಇಂಜಿನಿಯರಿಂಗಿಗೆ ಮಾರ್ಗದರ್ಶನ ಶಿಬಿರಗಳಿವೆ, ಪತ್ರಿಕೆಗಳ ಪುರವಣಿಗಳಿವೆ. ಊರಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಬಿಎ, ಬಿಕಾಂ, ಬಿಎಸ್ಸಿ ಓದಲು ಬರುವವರಿಗೆ ಯಾರೂ ಏನನ್ನೂ ಹೇಳುವುದಿಲ್ಲ.

ಮೊದಲಿಗೆ ಪದ್ಧತಿಯದ್ದೇ ಗೊಂದಲ. ರಾಷ್ಟ್ರೀಯ ಶಿಕ್ಷಣ ನೀತಿ 2021-22ರಲ್ಲಿ ರಾಜ್ಯಕ್ಕೆ ಬಂತು, ನಾಲ್ಕು ವರ್ಷದ ಪದವಿಯ ಮಾತು ಬಂತು. 2024-25ರಿಂದ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಮನೆಯಲ್ಲಿ ಅಕ್ಕ ಓದಿದ ಕ್ರಮ ಒಂದು, ತಮ್ಮ ಓದುತ್ತಿರುವ ಕ್ರಮ ಇನ್ನೊಂದು. ‘ಅಕ್ಕನ್ನ ಕೇಳು’ ಎಂಬ ಸಲಹೆ ಇಲ್ಲಿ ಉಪಯೋಗಕ್ಕೆ ಬಾರದು. ಸೇರುವ ಮೊದಲು ಆ ವರ್ಷದ ವಿಷಯಗಳ ಪಟ್ಟಿಯನ್ನು ಕಾಲೇಜಿನಿಂದಲೇ ಪಡೆಯಿರಿ.

ಎರಡನೆಯದು, ಐಚ್ಛಿಕ ವಿಷಯಗಳ ತೂಕ. ಸೈಬರ್ ಸೆಂಟರಿನ ಹುಡುಗ ಒತ್ತಿದ ಆ ಹೆಚ್‌ಇಪಿ, ಹೆಚ್‌ಇಕೆಗೆ ಮರಳೋಣ. ಹೆಚ್‌ಇಪಿ ಎಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಹೆಚ್‌ಇಕೆಯಲ್ಲಿ ರಾಜ್ಯಶಾಸ್ತ್ರದ ಬದಲು ಐಚ್ಛಿಕ ಕನ್ನಡ. ಕೆಎಎಸ್ ಬರೆಯಲು ಯಾವುದಾದರೂ ಒಂದೇ. ಆದರೆ ಬಿ.ಇಡಿ ಮಾಡಿ ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಬೇಕೆಂದು ಕನಸು ಕಂಡ ಹುಡುಗಿ ಪದವಿಯಲ್ಲಿ ಕನ್ನಡವನ್ನು ಐಚ್ಛಿಕವಾಗಿ ಓದಿರಬೇಕು. ಎಲ್ಲರೂ ಓದುವ ಭಾಷಾ ಪತ್ರಿಕೆಯ ಕನ್ನಡ ಸಾಲದು. ಬಿಎಸ್ಸಿಯಲ್ಲೂ ಹೀಗೆಯೇ: ಭೌತ, ರಸಾಯನ, ಗಣಿತದ ಪಿಸಿಎಂ ಓದಿದವರು ಗಣಿತ ಮೇಷ್ಟ್ರ ಹುದ್ದೆಯ ಕಡೆ, ರಸಾಯನ, ಸಸ್ಯ, ಪ್ರಾಣಿಶಾಸ್ತ್ರದ ಸಿಬಿಝಡ್ ಓದಿದವರು ಜೀವವಿಜ್ಞಾನದ ಕಡೆ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಅದೇ ವಿಷಯದಲ್ಲಿ ಎಂಎ ಅಥವಾ ಎಂಎಸ್ಸಿ, ಅದರ ಮೇಲೆ ನೆಟ್ ಅಥವಾ ಕೆ-ಸೆಟ್. ಈ ಊರುಗಳಲ್ಲಿ ಬಿಎ ಸೇರುವ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಯ ಕನಸು ಟೀಚರ್ ಆಗುವುದು. ಮೂರು ಅಕ್ಷರದ ಒಂದು ಆಯ್ಕೆ ಆ ಕನಸನ್ನು ಸದ್ದಿಲ್ಲದೆ ಮುರಿಯಬಲ್ಲದು.

ಮೂರನೆಯದು, ಮೇಷ್ಟ್ರಾಗುವವರಿಗೇ ಇರುವ ಇನ್ನೊಂದು ಬಾಗಿಲು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪಿಯುಸಿ ಆದ ಮೇಲೆ ನಾಲ್ಕೇ ವರ್ಷದಲ್ಲಿ ಪದವಿ ಮತ್ತು ಬಿ.ಇಡಿ ಎರಡೂ ಮುಗಿಯುತ್ತವೆ. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ನಮ್ಮ ಪಿಯು ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ ಅದರ ಪ್ರಕಟಣೆ ಕಾಣುವುದೇ ಅಪರೂಪ.

ವಿಷಯ ಆರಿಸಿಕೊಂಡ ಮಾತ್ರಕ್ಕೆ ಬದುಕು ಅದರೊಳಗೇ ಮುಗಿಯುತ್ತದೆ ಎಂದೇನೂ ಅಲ್ಲ. ಕೆ.ಎಸ್. ನಿಸಾರ್ ಅಹಮದ್ ಓದಿದ್ದು ಭೂವಿಜ್ಞಾನ. ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಕಲ್ಲು, ಖನಿಜಗಳ ಪಾಠ ಹೇಳುತ್ತಲೇ ಅವರು ಕನ್ನಡದ ದೊಡ್ಡ ಕವಿಯಾದರು. ನಮ್ಮ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಕುವೆಂಪು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂಎ ಸೇರಿದಾಗ ಆ ತರಗತಿ ಹೊಸದಾಗಿ ಆರಂಭವಾಗಿತ್ತಷ್ಟೆ. ಅವರದೇ ಮೊದಲ ತಂಡ. ಅಂದು ಕನ್ನಡ ಎಂಎ ಮಾಡಿದರೆ ಮುಂದೇನು ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ.

ತಪ್ಪಿತು ಅನ್ನಿಸಿದರೆ

ಸೇರಿದ ಮೇಲೆ ‘ಇದು ನನ್ನದಲ್ಲ’ ಅನ್ನಿಸುವುದು ಅಪರಾಧವಲ್ಲ. ಡಿಗ್ರಿಗೆ ಸೇರಿದ್ದು, ಆಮೇಲೆ ಸಿಇಟಿಯ ಎರಡನೇ ಸುತ್ತಿನಲ್ಲಿ ಸೀಟು ಬಂತು ಎಂದರೆ ಟಿಸಿ ಪಡೆದು ಹೋಗಬಹುದು. ಮೂಲ ಅಂಕಪಟ್ಟಿಗಳನ್ನು ಕಾಲೇಜು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಯುಜಿಸಿ 2018ರಲ್ಲೇ ಹೇಳಿದೆ. ಬಿಟ್ಟುಹೋಗುವ ದಿನವನ್ನು ನೋಡಿ ಶುಲ್ಕ ಎಷ್ಟು ವಾಪಸು ಕೊಡಬೇಕೆಂಬ ಲೆಕ್ಕವನ್ನೂ ಹಾಕಿಕೊಟ್ಟಿದೆ. ಮದುವೆ, ಮನೆ, ತೋಟ ಎಂದು ಓದು ನಿಂತವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ 1996ರಿಂದ ಇದೆ. ಪ್ರಥಮ ಪಿಯುಸಿಯ ಮೊದಲ ಕೆಲವು ವಾರಗಳಲ್ಲಿ ವಿಭಾಗ ಬದಲಿಸಿಕೊಳ್ಳಲು ಪ್ರಾಂಶುಪಾಲರನ್ನು ಕೇಳಬಹುದು. ಹಾಗಾಗಿ ಮಗು ಆ ವಾರಗಳಲ್ಲಿ ಊಟ ಬಿಟ್ಟು ಕೂತರೆ ಬೈಯದೆ ವಿಚಾರಿಸಿ.

ಎಲ್ಲಕ್ಕಿಂತ ಮೊದಲು, ಕಾಂಬಿನೇಷನ್ ಆರಿಸುವ ಮುಂಚೆ, ಮಗುವನ್ನು ಒಮ್ಮೆ ಶಂಕರಘಟ್ಟಕ್ಕೆ ಕರೆದುಕೊಂಡು ಹೋಗಿಬನ್ನಿ. ತರೀಕೆರೆಯಿಂದ ಲಕ್ಕವಳ್ಳಿ, ಬಿಆರ್‌ಪಿ ಮೇಲೆ ಬಸ್ಸಿದೆ. ಜಲಾಶಯ ನೋಡಲು ಹೇಗೂ ಹೋಗುತ್ತೀರಿ, ಅಲ್ಲಿಂದ ಮುಂದೆ ಸ್ವಲ್ಪವೇ ದೂರ. ಗ್ರಂಥಾಲಯದ ಬಾಗಿಲಲ್ಲಿ ನಿಂತು ನೋಡಲಿ, ವಿಭಾಗಗಳ ಬೋರ್ಡುಗಳನ್ನು ಓದಲಿ, ಪಾಠ ಮುಗಿಸಿ ಹೊರಬಂದ ಯಾವುದಾದರೂ ಅಕ್ಕನನ್ನು ತಡೆದು ‘ನೀವು ಪಿಯುಸಿಯಲ್ಲಿ ಏನ್ ತಗೊಂಡಿದ್ರಿ?’ ಎಂದು ಕೇಳಲಿ. ಭಾನುವಾರ ಮಾತ್ರ ಹೋಗಬೇಡಿ. ಕೆಲಸದ ದಿನ ಹೋದರೆ ಪ್ರಯೋಗಾಲಯಗಳ ಬಾಗಿಲು ತೆರೆದಿರುತ್ತದೆ.